ಕೊಕ್ಕರೆ ರೋಗದಲ್ಲಿ ನಿಗೂಢ ಏನೂ ಇಲ್ಲ, ಅಳೆದು ನೋಡುವವರಿಲ್ಲ ಅಷ್ಟೆ

ಮಾನ್ಯ ಸಂಪಾದಕರೇ,

ಯುಗಾದಿ ಕಳೆದು ಹೊಸತೊಡಕಿನ ಗದ್ದಲ ಅಡಗುವ ಹೊತ್ತಿಗೆ ಮಂಡ್ಯ, ಮೈಸೂರು ಸೀಮೆಯ ಯಾವುದಾದರೂ ಊರಿಂದ ‘ನಿಗೂಢ ಕಾಯಿಲೆಗೆ ಕೋಳಿಗಳ ಸಾವು’ ಎಂಬ ಸುದ್ದಿ ಬರುವುದು ವಾಡಿಕೆ. ಒಳಗೆ ಓದಿದರೆ ಅದೇ ವಿವರ: ಹಸಿರು ನೀರಿನಂಥ ಹಿಕ್ಕೆ, ಬಾಯಿ ಬಿಟ್ಟು ಉಸಿರಾಟ, ತಿರುಚಿದ ಕತ್ತು, ಜೋತ ರೆಕ್ಕೆ, ನಾಲ್ಕೈದು ದಿನದಲ್ಲಿ ಗೂಡು ಖಾಲಿ. ಇದು ನಮ್ಮ ಅಜ್ಜಿಯರ ಕಾಲದಿಂದ ಬಂದ ಕೊಕ್ಕರೆ ರೋಗ. ಪುಸ್ತಕದಲ್ಲಿ ರಾಣಿಖೇತ್, ಹೊರದೇಶದಲ್ಲಿ ನ್ಯೂಕ್ಯಾಸಲ್, ಫಾರಂನವರ ಬಾಯಲ್ಲಿ ಬರೀ ‘ಆರ್‌ಡಿ’. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಮೊದಲು ಗುರುತಿಸಿದರು. ಅದರ ಬೆನ್ನಿಗೇ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡದ್ದರಿಂದ ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ಹೆಸರಿನಲ್ಲಿ ಕೊಕ್ಕರೆ ಇದೆ ಎಂದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಮೇಲೆ ಗೂಬೆ ಕೂರಿಸುವ ಅಗತ್ಯವಿಲ್ಲ. ಊರಿಂದ ಊರಿಗೆ ಈ ರೋಗವನ್ನು ಹೊತ್ತು ತರುವುದು ಹೆಚ್ಚಾಗಿ ಸಂತೆಯ ಪಂಜರ, ಕೋಳಿ ಲಾರಿ ಮತ್ತು ನಮ್ಮ ಚಪ್ಪಲಿ.

ಸಂತೆಯಲ್ಲಿ ಕೇಳಿಬರುವ ಮಾತು ಎರಡು. ‘ವೈರಸ್ಸು ಬದಲಾಗಿದೆ ಕಣ್ರೀ’ ಎಂಬುದು ಒಂದು. ‘ಲಸಿಕೆ ಹಾಕಿಸಿದ್ರೂ ಸತ್ತೋದ್ವು, ಲಸಿಕೆಯೇ ಡೂಪ್ಲಿಕೇಟು’ ಎಂಬುದು ಇನ್ನೊಂದು. ಮೊದಲನೆಯದು ನಿಜ, ಆದರೆ ಜನ ಅಂದುಕೊಂಡ ಅರ್ಥದಲ್ಲಿ ಅಲ್ಲ. ಎರಡನೆಯದು ಬಹುಮಟ್ಟಿಗೆ ಸುಳ್ಳು, ಆದರೆ ಅದರ ಹಿಂದಿನ ಸಂಕಟ ನಿಜ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ ರೈತರಿಗೂ ನಷ್ಟ, ಚರ್ಚೆಗೂ ನಷ್ಟ. ಅದನ್ನು ಬಿಡಿಸಿಡಲು ಈ ಪತ್ರ.

ಈ ವೈರಸ್ಸಿನ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಬರಹ, ಒಂದೇ ಎಳೆಯ ಆರ್‌ಎನ್‌ಎ. ಸುಮಾರು 15,200 ಅಕ್ಷರ ಉದ್ದ, ಅದರಲ್ಲಿ ಆರು ಜೀನ್. ಆರ್‌ಎನ್‌ಎ ನಕಲು ಮಾಡುವ ಕಿಣ್ವಕ್ಕೆ ತಾನು ಬರೆದದ್ದನ್ನು ತಿರುಗಿ ಓದಿ ತಿದ್ದುವ ಅಭ್ಯಾಸವಿಲ್ಲ. ಹಾಗಾಗಿ ಹೆಚ್ಚುಕಡಿಮೆ ವರ್ಷಕ್ಕೆ ಸಾವಿರ ಅಕ್ಷರಕ್ಕೆ ಒಂದರಂತೆ ತಪ್ಪುಗಳು ಉಳಿದುಕೊಳ್ಳುತ್ತವೆ. ನಮ್ಮಲ್ಲಿ ಎಲ್ಲರೂ ಬಳಸುವ ಲಸೋಟಾ ಲಸಿಕೆಯ ತಳಿಯನ್ನು ಅಮೆರಿಕದ ನ್ಯೂಜೆರ್ಸಿಯಲ್ಲಿ ಬೇರ್ಪಡಿಸಿದ್ದು 1946ರಲ್ಲಿ. ಅಂದಿನಿಂದ ಹೊಲ, ಶೆಡ್‌ಗಳಲ್ಲಿ ಓಡಾಡುತ್ತಿರುವ ವೈರಸ್ಸು ಎಷ್ಟು ದೂರ ಸಾಗಿರಬಹುದು ಎಂದು ಲೆಕ್ಕ ಹಾಕಿ. ಈ ದೂರವನ್ನು ಅಳೆಯುವುದು ಎಫ್ ಎಂಬ ಜೀನಿನಲ್ಲಿ. ಆ ಜೀನಿನ ಅಕ್ಷರಗಳಲ್ಲಿ ಎರಡು ಗುಂಪುಗಳ ನಡುವೆ ಸರಾಸರಿ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೇರೆ ಜೀನೋಟೈಪ್ ಎನ್ನುತ್ತಾರೆ. ಲಸೋಟಾ ಮತ್ತು ಎಫ್ ತಳಿಯ ಲಸಿಕೆಗಳು ಜೀನೋಟೈಪ್ 2 (ಈ ಎಫ್ ಲಸಿಕೆ ತಳಿಯ ಹೆಸರು, ಜೀನಿನದ್ದಲ್ಲ). ಆರ್‌ಟುಬಿ ಲಸಿಕೆ ಜೀನೋಟೈಪ್ 3. ಈಚಿನ ದಶಕಗಳಲ್ಲಿ ಭಾರತದ ಕೋಳಿಗಳಲ್ಲಿ ಸಿಕ್ಕಿರುವ ಮಾರಕ ವೈರಸ್ಸುಗಳಲ್ಲಿ ಹೆಚ್ಚಿನವು ಜೀನೋಟೈಪ್ 13ರ ಒಳಗುಂಪುಗಳು, ಜೀನೋಟೈಪ್ 7 ಕೂಡ ಸಿಕ್ಕಿದೆ. ಪಾರಿವಾಳದ್ದು ಬೇರೆಯೇ ಗುಂಪುಗಳು, ಈಗಿನ ಎಣಿಕೆಯಲ್ಲಿ 21 ಅವುಗಳಲ್ಲಿ ಒಂದು.

ಇಲ್ಲೇ ಎಡವುವುದು. ಜೀನೋಟೈಪ್ ಎಂಬುದು ವಂಶಾವಳಿ, ಉಗ್ರತೆಯ ಅಳತೆಯಲ್ಲ. ಸೌಮ್ಯ ಲಸೋಟಾ ಯಾವ ಗುಂಪೋ ಅದೇ ಜೀನೋಟೈಪ್ 2ರಲ್ಲಿ 1948ರ ಟೆಕ್ಸಾಸ್ ಜಿಬಿ ಎಂಬ ಮಾರಕ ತಳಿಯೂ ಇದೆ. ಒಂದೇ ಕುಲದಲ್ಲಿ ಕುರಿಯೂ ಇದೆ, ತೋಳವೂ ಇದೆ. ‘ಹೊಸ ಜೀನೋಟೈಪ್ ಬಂದಿದೆ, ಅದಕ್ಕೇ ಇಷ್ಟು ಸಾವು’ ಎನ್ನುವವರು ಇದನ್ನು ಮರೆಯುತ್ತಾರೆ.

ಉಗ್ರತೆಯ ಬೀಗ ಇರುವ ಜಾಗ ಬಹಳ ಚಿಕ್ಕದು. ವೈರಸ್ಸಿನ ಮೈಮೇಲಿನ ಎಫ್ ಪ್ರೋಟೀನು ಎರಡಾಗಿ ಸೀಳಿದರೆ ಮಾತ್ರ ಅದು ಕೋಳಿಯ ಜೀವಕೋಶಕ್ಕೆ ಬೆಸೆದುಕೊಂಡು ಒಳಹೋಗಬಲ್ಲದು. ಸೀಳುವ ಕತ್ತರಿ ವೈರಸ್ಸಿನ ಬಳಿ ಇಲ್ಲ, ಕೋಳಿಯದ್ದೇ ಕಿಣ್ವ ಬೇಕು. ಸೀಳುವ ಜಾಗದಲ್ಲಿ, ಅಂದರೆ ಪ್ರೋಟೀನಿನ 112ರಿಂದ 117ನೇ ಸ್ಥಾನದವರೆಗೆ, ಲಸೋಟಾದಲ್ಲಿ ಕ್ರಮವಾಗಿ ಗ್ಲೈಸಿನ್, ಆರ್ಜಿನಿನ್, ಗ್ಲುಟಮಿನ್, ಗ್ಲೈಸಿನ್, ಆರ್ಜಿನಿನ್, ಲ್ಯೂಸಿನ್ ಎಂಬ ಅಮೈನೊ ಆಮ್ಲಗಳಿವೆ (ಪ್ರೋಟೀನಿನ ಸರದ ಮಣಿಗಳು ಇವೇ). ಇಂಥ ಬೀಗವನ್ನು ತೆರೆಯುವ ಟ್ರಿಪ್ಸಿನ್ ಜಾತಿಯ ಕಿಣ್ವ ಸಿಗುವುದು ಉಸಿರುನಾಳ ಮತ್ತು ಕರುಳಿನ ಒಳಪದರದಲ್ಲಿ ಮಾತ್ರ. ಆದ್ದರಿಂದ ಲಸೋಟಾ ಅಲ್ಲೇ ಸುತ್ತಾಡಿ, ನಾಲ್ಕು ದಿನ ಸೀನಿಸಿ, ರೋಗನಿರೋಧಕ ಶಕ್ತಿ ಕೊಟ್ಟು ಹೋಗುತ್ತದೆ. ಮಾರಕ ತಳಿಯಲ್ಲಿ ಅದೇ ಜಾಗ ಆರ್ಜಿನಿನ್, ಆರ್ಜಿನಿನ್, ಗ್ಲುಟಮಿನ್, ಲೈಸಿನ್ ಅಥವಾ ಆರ್ಜಿನಿನ್, ಆರ್ಜಿನಿನ್, ಫಿನೈಲಾಲನಿನ್ ಆಗಿರುತ್ತದೆ. ಈ ಬೀಗಕ್ಕೆ ಫ್ಯೂರಿನ್ ಎಂಬ ಕಿಣ್ವ ಸಾಕು. ಫ್ಯೂರಿನ್ ಕೋಳಿಯ ಮಿದುಳು, ಗುಲ್ಮ, ಅಂಡಾಶಯ, ಎಲ್ಲೆಡೆ ಇದೆ. ಹಾಗಾಗಿ ವೈರಸ್ಸು ಮೈಯೆಲ್ಲ ಹರಡುತ್ತದೆ. ಕತ್ತು ತಿರುಚುವುದು, ಮೊಟ್ಟೆ ನಿಲ್ಲುವುದು, ಕರುಳಲ್ಲಿ ನೆತ್ತರು ಕಾಣುವುದು, ಎಲ್ಲಕ್ಕೂ ಮೂಲ ಇದೇ.

ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ನಿಂತಿರುವುದೂ ಇದರ ಮೇಲೆಯೇ: 113ರಿಂದ 116ರ ನಡುವೆ ಕನಿಷ್ಠ ಮೂರು ಆರ್ಜಿನಿನ್ ಅಥವಾ ಲೈಸಿನ್, ಜತೆಗೆ 117ರಲ್ಲಿ ಫಿನೈಲಾಲನಿನ್. ಇಲ್ಲವೇ ದಿನದ ಮರಿಗಳ ಮಿದುಳಿಗೆ ಚುಚ್ಚಿ ಎಂಟು ದಿನ ಅಂಕ ಹಾಕುವ ಪರೀಕ್ಷೆಯಲ್ಲಿ ಎರಡಕ್ಕೆ 0.7 ಅಥವಾ ಹೆಚ್ಚು ಬರಬೇಕು. ಆ ಪರೀಕ್ಷೆಯಲ್ಲಿ ಆರೋಗ್ಯವಾಗಿದ್ದ ಮರಿಗೆ ಸೊನ್ನೆ, ಕಾಯಿಲೆ ಬಿದ್ದದ್ದಕ್ಕೆ ಒಂದು, ಸತ್ತದ್ದಕ್ಕೆ ಎರಡು.

ಸೌಮ್ಯವಾದದ್ದು ಮಾರಕವಾಗಬಲ್ಲದೇ? ಆಗಬಲ್ಲದು, ಆಗಿದೆ. 1998ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕೋಳಿಗಳಲ್ಲಿ ಸದ್ದಿಲ್ಲದೆ ಸುತ್ತುತ್ತಿದ್ದ ಸ್ಥಳೀಯ ಸೌಮ್ಯ ವೈರಸ್ಸಿನ ಎಫ್ ಜೀನಿನಲ್ಲಿ ಎರಡೇ ಅಕ್ಷರ ಬದಲಾದವು. ಮಾರಕ ರೋಗ ಎದ್ದಿತು, ಅದೂ ಹೊರಗಿನಿಂದ ಬಾರದೆ ಶೆಡ್ಡಿನೊಳಗೇ ಹುಟ್ಟಿ. ಹಾಗಂತ ಸೀಳುವ ಜಾಗವೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವಂತಿಲ್ಲ. ಲಸೋಟಾಗೆ ಪ್ರಯೋಗಾಲಯದಲ್ಲಿ ಮಾರಕ ತಳಿಯ ಸೀಳುಜಾಗ ಜೋಡಿಸಿ ನೋಡಿದಾಗ ಮಿದುಳು ಪರೀಕ್ಷೆಯ ಅಂಕ ಸೊನ್ನೆಯ ಹತ್ತಿರದಿಂದ 1.3ರ ಆಸುಪಾಸಿಗೆ ಏರಿತೇ ಹೊರತು ನಿಜವಾದ ಮಾರಕ ತಳಿಗಳಂತೆ ಎರಡರ ಹತ್ತಿರ ಹೋಗಲಿಲ್ಲ. ಉಳಿದ ಜೀನುಗಳ ಪಾಲೂ ಇದೆ. ಪಾರಿವಾಳದ ವೈರಸ್ಸಿನಲ್ಲಿ ಸೀಳುಜಾಗ ಮಾರಕದ್ದೇ ಆದರೂ ಕೋಳಿಯಲ್ಲಿ ಅದು ಮೊದಮೊದಲು ಮಂಕಾಗಿರಬಹುದು. ಕೋಳಿಯಿಂದ ಕೋಳಿಗೆ ದಾಟುತ್ತ ದಾಟುತ್ತ ಬಿರುಸಾಗುತ್ತದೆ. 1984ರಲ್ಲಿ ಬ್ರಿಟನ್ನಿನ ಲಿವರ್‌ಪೂಲ್ ಬಂದರಿನ ಉಗ್ರಾಣದಲ್ಲಿ ಪಾರಿವಾಳದ ಹಿಕ್ಕೆ ಬೆರೆತ ಆಹಾರ ಧಾನ್ಯವೇ ಅಲ್ಲಿನ ಕೋಳಿ ಫಾರಂಗಳಿಗೆ ರೋಗ ಒಯ್ದಿತ್ತು. ಮೈಸೂರಿನಲ್ಲಿ ಪಾರಿವಾಳಕ್ಕೆ ಜೋಳ ಹಾಕುವುದು ಪುಣ್ಯದ ಕೆಲಸ ಇರಬಹುದು. ಅದೇ ಪಾರಿವಾಳ ಕೋಳಿ ಶೆಡ್ಡಿನ ಫೀಡ್ ಮೂಟೆಯ ಮೇಲೆ ಕೂರಬಾರದು. ಶೆಡ್ಡಿನ ಜಾಲರಿಯಲ್ಲಿ ಕೈ ತೂರುವಷ್ಟು ತೂತು ಕಂಡರೆ ಇವತ್ತೇ ಮುಚ್ಚಿ.

ಇನ್ನು ಲಸಿಕೆಯ ವಿಷಯ. ಜೀನೋಟೈಪ್ ಎಷ್ಟೇ ಇದ್ದರೂ ಈ ವೈರಸ್ಸಿನ ಸೀರೋಟೈಪ್ ಒಂದೇ, ಅಂದರೆ ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಉಳಿದವಕ್ಕೂ ತಾಗುತ್ತದೆ. ಲಸೋಟಾ ಸರಿಯಾಗಿ ಹತ್ತಿದ ಕೋಳಿ ಜೀನೋಟೈಪ್ 13 ಬಂದರೂ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಲಸಿಕೆ ಸಾವನ್ನು ತಡೆಯುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆಯಾದ ಕೋಳಿ ಹೊರಗೆ ಚೆನ್ನಾಗಿ ಕಾಣುತ್ತ ಬಾಯಿ, ಹಿಕ್ಕೆಯಿಂದ ಮಾರಕ ವೈರಸ್ಸನ್ನು ಚೆಲ್ಲುತ್ತಿರಬಹುದು. ಲಸಿಕೆಯ ತಳಿ ಹೊಲದ ವೈರಸ್ಸಿಗೆ ಹತ್ತಿರವಿದ್ದಷ್ಟೂ ಈ ಚೆಲ್ಲುವಿಕೆ ಕಡಿಮೆ. ಜೀನೋಟೈಪ್ ಮುಖ್ಯವಾಗುವುದು ಇಲ್ಲಿ. ಫಾರಂ ಶೆಡ್ಡಿನಲ್ಲಿ ಬರೀ ಮೊಟ್ಟೆ ಕಡಿಮೆಯಾಗಿ ಒಂದಷ್ಟು ತೋಲುಮೊಟ್ಟೆ ಬಿದ್ದು ಸುಧಾರಿಸಿಕೊಂಡಿತು, ಪಕ್ಕದ ಮನೆಯ ನಾಟಿ ಹ್ಯಾಟೆ, ಹುಂಜ ಒಂದೂ ಉಳಿಯಲಿಲ್ಲ ಎಂದರೆ ಅದು ಲಸಿಕೆಯ ಸೋಲಲ್ಲ. ಲಸಿಕೆ ಹಾಕಿದವನ ಕೋಳಿ ಉಳಿಯಿತು, ಹಾಕದವನದ್ದು ಹೋಯಿತು.

ಹಿಂಡಿನಲ್ಲಿ ರೋಗ ಹರಡುವುದೇ ನಿಲ್ಲಬೇಕಾದರೆ ಶೇ 85ಕ್ಕೂ ಹೆಚ್ಚು ಕೋಳಿಗಳ ರಕ್ತದಲ್ಲಿ, ಪ್ರತಿಕಾಯ ಅಳೆಯುವ ಎಚ್‌ಐ ಪರೀಕ್ಷೆಯ ಪ್ರಮಾಣ 8 ಅಥವಾ ಮೇಲಿರಬೇಕು (ಲ್ಯಾಬಿನ ಭಾಷೆಯಲ್ಲಿ ಲಾಗ್ 3). ಹೀಗೆ ನೋಡಿದರೆ ‘ಲಸಿಕೆ ಹಾಕಿಸಿದ್ದೇನೆ’ ಎನ್ನುವ ಮಾತಿಗೆ ಅರ್ಥ ಕಡಿಮೆ. ‘ಲಸಿಕೆ ಹತ್ತಿದೆ’ ಎಂಬುದನ್ನು ತೋರಿಸಬೇಕು. ಹತ್ತದೆ ಹೋಗುವುದು ಎಲ್ಲಿ ಎಂದು ನೋಡಿದರೆ ಕಾರಣಗಳು ಜೀನಿನಲ್ಲಿಲ್ಲ, ಬಕೆಟ್ಟಿನಲ್ಲಿವೆ.

ಫಾರಂಗಳಲ್ಲಿ ಬೂಸ್ಟರ್ ಲಸೋಟಾವನ್ನು ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಕಾವೇರಿ ನೀರು ನಲ್ಲಿಯಲ್ಲಿ ಬರುವ ಕಡೆ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿಗೆ ಸೂಪರ್‌ವೈಸರ್ ಹೇಳಿದ ಸ್ಯಾನಿಟೈಸರ್ ಬೆರೆಸಿರುತ್ತಾರೆ. ಎರಡೂ ಲಸಿಕೆಯ ವೈರಸ್ಸನ್ನು ನಿಮಿಷಗಳಲ್ಲಿ ಕೊಲ್ಲುತ್ತವೆ. ಲಸಿಕೆಗೆ 48 ಗಂಟೆ ಮೊದಲೇ ಸ್ಯಾನಿಟೈಸರ್ ನಿಲ್ಲಿಸಿ, ಲಸಿಕೆಯಾದ ಮೇಲೂ 24 ಗಂಟೆ ಬೇಡ. ಡ್ರಿಂಕರ್‌ಗಳನ್ನು ಸೋಪು, ಬ್ಲೀಚಿಂಗ್ ಹಾಕದೆ ಬರೀ ನೀರಲ್ಲಿ ಉಜ್ಜಿ ತೊಳೆಯಿರಿ. ತಗಡಿನ ಡ್ರಮ್ ಬೇಡ, ಪ್ಲಾಸ್ಟಿಕ್ ಆಗಲಿ. ಲೀಟರಿಗೆ 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕರಗಿಸಿ 20 ನಿಮಿಷ ಬಿಡಬೇಕು, ಉಳಿದ ಕ್ಲೋರಿನ್ನನ್ನು ಅದು ಹಿಡಿದಿಡುತ್ತದೆ. ಮನೆ ಹಾಲು ಸುರಿಯುವವರುಂಟು. ಅದರ ಕೊಬ್ಬು ನಿಪ್ಪಲ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ನೀರಿನ ಲೆಕ್ಕಕ್ಕೆ ಒಂದು ಸುಲಭ ಸೂತ್ರ: ಸಾವಿರ ಕೋಳಿಗೆ ವಯಸ್ಸು ಎಷ್ಟು ದಿನವೋ ಅಷ್ಟು ಲೀಟರ್. 21 ದಿನದ ಸಾವಿರ ಮರಿಗೆ 21 ಲೀಟರ್, ಏಪ್ರಿಲ್ ಬಿಸಿಲಲ್ಲಿ ಸ್ವಲ್ಪ ಹೆಚ್ಚು. ಅದು ಒಂದರಿಂದ ಎರಡು ಗಂಟೆಯಲ್ಲಿ ಖಾಲಿಯಾಗಬೇಕು. ಅರ್ಧ ಗಂಟೆಯಲ್ಲಿ ಮುಗಿದರೆ ಹಿಂದೆ ನಿಂತ ಬಡಕಲು ಮರಿಗೆ ಸಿಕ್ಕಿಲ್ಲ, ಮೂರು ಗಂಟೆ ಉಳಿದರೆ ವೈರಸ್ಸು ಸತ್ತಿದೆ. ಬಾಯಾರಿಸಲು ಮೊದಲು ನೀರು ನಿಲ್ಲಿಸಬೇಕಲ್ಲ, ಮಂಡ್ಯದ ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಬೇಡ. ಬೆಳಗ್ಗೆ ಬಿಸಿಲೇರುವ ಮೊದಲೇ ಮುಗಿಸಿ. ಎಷ್ಟು ಕೋಳಿ ಕುಡಿದವು ಎಂದು ತಿಳಿಯಬೇಕಿದ್ದರೆ ನೀರಿಗೆ ಲಸಿಕೆಯ ನೀಲಿ ಬಣ್ಣ ಬೆರೆಸಿ. ಮುಗಿದ ಮೇಲೆ ಶೆಡ್ಡಿನ ನಾಲ್ಕು ಮೂಲೆಯಿಂದ ನೂರು ಕೋಳಿ ಹಿಡಿದು ನಾಲಗೆ ನೋಡಿ. ತೊಂಬತ್ತಕ್ಕೆ ನೀಲಿ ಇಲ್ಲದಿದ್ದರೆ ಆ ದಿನದ ಲಸಿಕೆ ಲೆಕ್ಕಕ್ಕಿಲ್ಲ.

ಮೊದಲ ಲಸಿಕೆ ಮಾತ್ರ ನೀರಲ್ಲಿ ಬೇಡವೇ ಬೇಡ. ಲಸಿಕೆಯಾದ ತಾಯಿಯಿಂದ ಬಂದ ಮರಿಯ ರಕ್ತದಲ್ಲಿ ತಾಯಿಯ ಪ್ರತಿಕಾಯ ಇರುತ್ತದೆ, ಸುಮಾರು ನಾಲ್ಕೂವರೆ ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಅದು ನೀರಿನ ಲಸಿಕೆಯನ್ನು ಕೊಂದುಬಿಡುತ್ತದೆ. ಕಣ್ಣಿಗೆ ಹಾಕಿದ ಹನಿ ಹಾಗಲ್ಲ. ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿಯಲ್ಲೇ ಅದು ಕೆಲಸ ಶುರು ಮಾಡುತ್ತದೆ, ರಕ್ತದ ಪ್ರತಿಕಾಯಕ್ಕೆ ಅಷ್ಟಾಗಿ ಸಿಗುವುದಿಲ್ಲ. ಆದ್ದರಿಂದ 5ರಿಂದ 7ನೇ ದಿನದೊಳಗೆ ಲಸೋಟಾ ಅಥವಾ ಎಫ್ ತಳಿಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ. ಸಾವಿರ ಡೋಸಿನ ಸೀಸೆಗೆ 30 ಮಿ.ಲೀ. ತಣ್ಣನೆಯ ದ್ರಾವಣ, ಹನಿ 0.03 ಮಿ.ಲೀ. ಆಗಬೇಕು. ಹನಿ ದಪ್ಪವಾದರೆ ಎಂಟುನೂರು ಮರಿಗೇ ಸೀಸೆ ಬರಿದಾಗುತ್ತದೆ. ಆಗ ಉಳಿದ ಇನ್ನೂರಕ್ಕೆ ನೀರು ಬೆರೆಸುವ ಚಾಳಿ ಇದೆ, ದಯವಿಟ್ಟು ಬೇಡ. ಹನಿ ಹಾಕಿದ ಕೂಡಲೇ ಮರಿಯನ್ನು ಎಸೆಯಬೇಡಿ. ರೆಪ್ಪೆ ಬಡಿದು ಹನಿ ಒಳಹೋದದ್ದನ್ನು ಕಣ್ಣಾರೆ ಕಂಡು ಕೆಳಗಿಡಿ, ಎರಡು ಸೆಕೆಂಡಿನ ಕೆಲಸ. ಕೈ ಹಾಕುವವರಿಗೆ ಒಂದು ಮಾತು: ಲಸೋಟಾ ನಿಮ್ಮ ಕಣ್ಣಿಗೆ ಸಿಡಿದರೆ ಎರಡು ಮೂರು ದಿನ ಕಣ್ಣು ಕೆಂಪಗಾಗಿ ಊದುತ್ತದೆ. ಕನ್ನಡಕ ಹಾಕಿಕೊಳ್ಳಿ, ಕೈಯಿಂದ ಕಣ್ಣುಜ್ಜಬೇಡಿ.

ಗಂಬೋರೋ ಎಂಬ ಇನ್ನೊಂದು ವೈರಸ್ ರೋಗ ತಗುಲಿದ ಬ್ಯಾಚಿನಲ್ಲಿ ಆರ್‌ಡಿ ಲಸಿಕೆ ನಿಲ್ಲುವುದು ಕಷ್ಟ. ಪ್ರತಿಕಾಯ ತಯಾರಿಸುವ ಬರ್ಸಾ ಗ್ರಂಥಿಯನ್ನೇ ಅದು ತಿಂದಿರುತ್ತದೆ. ಬೂಷ್ಟು ಹಿಡಿದ ಮುಸುಕಿನ ಜೋಳದ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುವುದೂ ಇದನ್ನೇ, ನಿಧಾನವಾಗಿ. ಮಳೆಗಾಲದ ಜೋಳ ಅಗ್ಗಕ್ಕೆ ಸಿಕ್ಕಿತು ಎಂದು ಹಾಕಿ, ತಿಂಗಳ ಮೇಲೆ ಲಸಿಕೆ ಕಂಪನಿಯನ್ನು ಬೈಯುವುದನ್ನು ನೋಡುತ್ತಲೇ ಇರುತ್ತೇವೆ.

ಆರ್‌ಟುಬಿ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾಟಿ ಕೋಳಿ ಸಾಕುವವರಿಗೆ ಆಧಾರ ಅದೇ. ಕುಮಾವೂಂ ಬೆಟ್ಟಗಳ ಮುಕ್ತೇಶ್ವರದಲ್ಲಿ ಕಳೆದ ಶತಮಾನದ ನಲವತ್ತರ ದಶಕದಲ್ಲಿ ವಿಜ್ಞಾನಿಗಳು ಕೋಳಿ ಮೊಟ್ಟೆಯಲ್ಲಿ ಬೆಳೆಸಿ ಪಳಗಿಸಿದ ತಳಿ. ಪೂರ್ತಿ ಸೌಮ್ಯವಲ್ಲ, ಮಧ್ಯಮ. ಕೊಡುವ ರಕ್ಷಣೆ ಬಿಗಿಯಾದದ್ದು, ಬಹುಕಾಲದ್ದು. ಆದರೆ ಆರು ವಾರಕ್ಕೆ ಮೊದಲು ಚುಚ್ಚಬಾರದು, ಮೊದಲು ಲಸೋಟಾ ಅಥವಾ ಎಫ್ ತಳಿ ಕಾಣದ ಕೋಳಿಗೂ ಚುಚ್ಚಬಾರದು. ಚುಚ್ಚಿದರೆ ಕಾಲು ಸೋತು ಕೂತುಬಿಡುವುದುಂಟು, ಕೆಲವು ಸಾಯುವುದೂ ಉಂಟು. ಆಗ ಊರವರು ‘ಲಸಿಕೆಯಿಂದಲೇ ರೋಗ ಬಂತು’ ಎನ್ನುವುದು ಅರ್ಧ ಸತ್ಯ. ನೂರು ಡೋಸಿಗೆ 50 ಮಿ.ಲೀ. ತಣ್ಣನೆ ಸಲೈನ್, ಕೋಳಿಗೆ 0.5 ಮಿ.ಲೀ., ರೆಕ್ಕೆ ಅಡಿಯ ಚರ್ಮದ ಒಳಗೆ. ವಾರದ ಮೊದಲೇ ಜಂತುಹುಳದ ಔಷಧ ಕೊಟ್ಟಿರಬೇಕು. ಕೊಕ್ಕು ಸೋರುವ, ಗೊರಗೊರ ಎನ್ನುವ ಕೋಳಿಗೆ ಅಂದು ಬೇಡ.

ತೊಡಕಿರುವುದು ಸೀಸೆಯ ಗಾತ್ರದಲ್ಲಿ. ಒಂದು ಮನೆಯಲ್ಲಿ ಹನ್ನೆರಡು ಕೋಳಿ, ಸೀಸೆಯಲ್ಲಿ ನೂರು ಡೋಸು. ಕಲಸಿದ ಮೇಲೆ ಐಸಿನ ಮೇಲಿಟ್ಟರೂ ಎರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಲಸಿಕೆ ಮನೆಯ ಲೆಕ್ಕದಲ್ಲಿ ನಡೆಯುವುದಿಲ್ಲ, ಬೀದಿಯ ಲೆಕ್ಕದಲ್ಲಿ ನಡೆಯಬೇಕು. ಹಿಂದಿನ ರಾತ್ರಿಯೇ ಊರಿನಲ್ಲಿ ಹೇಳಿಸಿ, ಬೆಳಕು ಹರಿಯುವ ಮುನ್ನ, ಕೋಳಿಯನ್ನು ಮಂಕರಿ ಎತ್ತಿ ಹೊರಗೆ ಬಿಡುವ ಮೊದಲೇ ಮನೆ ಮನೆಗೆ ಹೋದರೆ ಏಳು ಗಂಟೆಯೊಳಗೆ ನೂರು ಕೋಳಿ ಕಷ್ಟವಲ್ಲ. ಒಮ್ಮೆ ಹೊರಬಿಟ್ಟ ಹುಂಜವನ್ನು ಹಿಡಿಯಲು ಹೋದರೆ ಲಸಿಕೆ ಬಿಸಿಯಾಗುತ್ತದೆ, ಹಿಡಿಯುವವನೂ ಬಿಸಿಯಾಗುತ್ತಾನೆ. ಊರಲ್ಲೇ ಪಶುಪಾಲನೆಗೆ ನೆರವಾಗುವ ಪಶು ಸಖಿಯರಿಗೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸಿದರೆ ಚೆನ್ನಾಗಿ ಮಾಡುತ್ತಾರೆ. ಊರಲ್ಲಿ ಕೋಳಿಯ ಲೆಕ್ಕ ಇರುವುದೂ ಅವರ ಬಳಿಯೇ. ಆರು ತಿಂಗಳಿಗೊಮ್ಮೆ, ಒಂದು ಸುತ್ತು ಯುಗಾದಿಗೆ ತಿಂಗಳು ಮೊದಲೇ ಮುಗಿದಿರಲಿ.

ಸಂತೆಯಿಂದ ತಂದ ಕೋಳಿಯನ್ನು ಅಂದೇ ಮನೆಯ ಕೋಳಿಯ ಜತೆ ಬಿಡಬೇಡಿ. ಸೋಂಕಿನಿಂದ ರೋಗ ಕಾಣುವವರೆಗೆ 2ರಿಂದ 15 ದಿನ ಹಿಡಿಯುತ್ತದೆ, 21 ದಿನ ಬೇರೆ ಇಡಿ. ಗೂಡಿನಲ್ಲಿ ರೋಗ ಎದ್ದಾಗ ಉಳಿದ ನಾಲ್ಕನ್ನು ‘ಹೋಗುವ ಮುಂಚೆ ಕಾಸು ಮಾಡ್ಕೊಳ್ಳೋಣ’ ಎಂದು ಸಂತೆಗೆ ಒಯ್ಯುವುದು ಇದ್ದೇ ಇದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವೂ ಇದೆ. ಮುಚ್ಚಿಡುವುದು ಕಾನೂನಿಗೂ ವಿರುದ್ಧ. ಕೋಳಿ ಗೊಬ್ಬರದ ಮಾತೂ ಇಲ್ಲೇ ಬರಬೇಕು. ಶುಂಠಿ ಹೊಲಕ್ಕೆ, ಕಬ್ಬಿನ ಗದ್ದೆಗೆ ಶೆಡ್ಡಿನ ಹಸಿ ಗೊಬ್ಬರವನ್ನು ಟ್ರ್ಯಾಕ್ಟರಿನಲ್ಲಿ ಹೊದಿಕೆ ಇಲ್ಲದೆ ಸಾಗಿಸುತ್ತಾರೆ, ದಾರಿಯುದ್ದಕ್ಕೂ ಉದುರುತ್ತದೆ. ಹಿಕ್ಕೆಯಲ್ಲಿ ಈ ವೈರಸ್ಸು ವಾರಗಟ್ಟಲೆ ಬದುಕುತ್ತದೆ. 60 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ, 56 ಡಿಗ್ರಿಯಲ್ಲಿ ಮೂರು ಗಂಟೆ ಇದ್ದರೆ ಸಾಯುತ್ತದೆ. ತಿಪ್ಪೆಯನ್ನು ನೀರು ಚಿಮುಕಿಸಿ, ಒಟ್ಟಿ, ಟಾರ್ಪಾಲು ಹೊದಿಸಿ ಎರಡು ವಾರ ಬೇಯಲು ಬಿಟ್ಟರೆ ನಡುವಿನ ಭಾಗ ಆ ಶಾಖ ಮುಟ್ಟುತ್ತದೆ. ನಡುವೆ ಒಮ್ಮೆ ಹೊರಗಿನದ್ದನ್ನು ಒಳಗೆ ಮಗುಚಬೇಕು.

ರೋಗ ಗುರುತಿಸುವ ಬಗೆ. ತಾಜಾ ಸತ್ತ ಕೋಳಿಯನ್ನು ಪಶುವೈದ್ಯರು ಕೊಯ್ದಾಗ ಮೊದಲು ನೋಡುವುದು ಗ್ರಂಥಿ ಜಠರ, ಗಿಜರ್ಡ್ ಎಂಬ ಗಟ್ಟಿ ಹೊಟ್ಟೆಗೆ ಮೊದಲು ಬರುವ ಬೆರಳುದ್ದದ ಚೀಲ. ಅದನ್ನು ಉದ್ದಕ್ಕೆ ಸೀಳಿ, ಲೋಳೆಯನ್ನು ಚಾಕುವಿನ ಹಿಂಬದಿಯಿಂದ ಮೆಲ್ಲಗೆ ಸವರಿ ತೆಗೆದರೆ ಒಳಗೆ ಸಾಲಾಗಿ ಸಣ್ಣ ಮೊಗ್ಗುಗಳಂತೆ ಗ್ರಂಥಿಗಳ ತುದಿ ಕಾಣುತ್ತವೆ. ಕೊಕ್ಕರೆ ರೋಗದಲ್ಲಿ ಆ ಒಂದೊಂದು ಮೊಗ್ಗಿನ ತುದಿಯಲ್ಲೂ ನೆತ್ತರಿನ ಚುಕ್ಕೆ. ಗಂಬೋರೋದಲ್ಲಿ ನೆತ್ತರು ಬರುವುದು ಹೆಚ್ಚಾಗಿ ಗ್ರಂಥಿ ಜಠರ ಮತ್ತು ಗಿಜರ್ಡ್ ಕೂಡುವ ಪಟ್ಟಿಯಲ್ಲಿ. ಆಮೇಲೆ ಕರುಳು, ಕುರುಡುಗರುಳುಗಳು ಸೇರುವ ಕಡೆಯ ಟಾನ್ಸಿಲ್ ಕೆಂಪಗೆ ಊದಿರುತ್ತದೆ. ಆದರೆ ಹಕ್ಕಿಜ್ವರದಲ್ಲೂ ಇವೇ ಗುರುತುಗಳು ಕಾಣಬಹುದು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಖಚಿತವಾದದ್ದನ್ನು ಮರೆಯುವಂತಿಲ್ಲ. ಆದ್ದರಿಂದ ರೈತರು ತಾವೇ ಕೊಯ್ದು ನೋಡುವ ಸಾಹಸ ಬೇಡ. ಜುಟ್ಟು ನೀಲಿಗಟ್ಟಿ, ಮುಖ ಊದಿ, ಒಂದೇ ರಾತ್ರಿಯಲ್ಲಿ ಗುಂಪಾಗಿ ಸತ್ತರಂತೂ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಆ ಮಾದರಿ ಭೋಪಾಲದ ಉನ್ನತ ಭದ್ರತಾ ಪ್ರಯೋಗಾಲಯಕ್ಕೇ ಹೋಗಬೇಕು.

ಈಗ ನಮ್ಮ ಕೋರಿಕೆ. ರಾಣಿಖೇತ್ ಲಸಿಕೆ ತಯಾರಿಸುವ, ರೋಗ ಪತ್ತೆ ಮಾಡುವ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ಆದರೆ ‘ಲಸಿಕೆ ಹತ್ತಿದೆಯೇ’ ಎಂದು ನೋಡುವ ಎಚ್‌ಐ ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಬೇಕಿರುವುದು ಒಂದು ಮೈಕ್ರೊ ಪ್ಲೇಟು, ಪಿಪೆಟ್ಟು, ಆರ್‌ಡಿ ಆಂಟಿಜನ್, ಆರೋಗ್ಯವಂತ ಕೋಳಿಯ ರಕ್ತದಿಂದ ಮಾಡಿದ ಶೇ 1ರ ಕೆಂಪುಕಣದ ದ್ರಾವಣ, ಒಂದು ಸೆಂಟ್ರಿಫ್ಯೂಜ್. ನಾಲ್ಕು ಎಚ್‌ಎ ಯೂನಿಟ್ (ಆಂಟಿಜನ್ನಿನ ಬಲದ ಅಳತೆ) ಆಂಟಿಜನ್ ಇಟ್ಟು ಸೀರಮ್ಮನ್ನು ಎರಡರ ಲೆಕ್ಕದಲ್ಲಿ ತೆಳುಮಾಡುತ್ತ ಹೋದರೆ ಅರ್ಧ ದಿನದಲ್ಲಿ ಉತ್ತರ ಸಿಗುತ್ತದೆ. ಮಂಡ್ಯ, ಮೈಸೂರು ಎರಡೂ ಜಿಲ್ಲಾ ಕೇಂದ್ರಗಳಲ್ಲಿ ವಾರಕ್ಕೊಂದು ದಿನ ಈ ಪರೀಕ್ಷೆ ನಡೆಯಲಿ. ಲಸಿಕೆಯಾಗಿ ಮೂರು ವಾರಕ್ಕೆ ಹಿಂಡಿನಿಂದ 20 ಕೋಳಿಯ ರೆಕ್ಕೆ ನರದಿಂದ ತಲಾ 2 ಮಿ.ಲೀ. ರಕ್ತ ತೆಗೆದು, ಸೀಸೆಯನ್ನು ಓರೆಯಾಗಿಟ್ಟು ಹೆಪ್ಪುಗಟ್ಟಿಸಿ, ಮೇಲಿನ ಸೀರಮ್ ಮಾತ್ರ ತರಲು ರೈತರಿಗೂ ಹೇಳಿಕೊಡಬಹುದು. ಇಡೀ ರಕ್ತವನ್ನು ಫ್ರೀಜರಿಗೆ ಹಾಕಿದರೆ ಕಣ ಒಡೆದು ಕೆಂಪು ನೀರಾಗುತ್ತದೆ, ಪರೀಕ್ಷೆಗೆ ಬರುವುದಿಲ್ಲ.

ಪ್ರಮಾಣ ಕಡಿಮೆ ಬಂದರೆ ತಪ್ಪು ಬಕೆಟ್ಟಿನಲ್ಲಿದೆ, ಸೀಸೆಯಲ್ಲಿದೆ ಅಥವಾ ಐಸ್ ಡಬ್ಬಿಯಲ್ಲಿದೆ. ಪ್ರಮಾಣ ಚೆನ್ನಾಗಿದ್ದೂ ಕೋಳಿ ಸತ್ತರೆ ಆಗ ಮಾತ್ರ ವೈರಸ್ಸಿನ ಮೇಲೆ ಅನುಮಾನ ಪಡುವುದು ನ್ಯಾಯ. ಅಂಥ ಪ್ರತಿ ಪ್ರಕರಣದಲ್ಲೂ ಎಫ್ ಜೀನನ್ನು ಪೂರ್ತಿ ಓದಿಸಬೇಕು. ಸೀಳುಜಾಗ ಯಾವುದು, ಜೀನೋಟೈಪ್ ಯಾವುದು ಎಂಬ ಎರಡು ಸಾಲಿನ ಉತ್ತರ ಮಾದರಿ ಕಳಿಸಿದ ತಾಲ್ಲೂಕು ವೈದ್ಯರಿಗೆ ವಾಪಸು ಬರಬೇಕು. ಈಗ ಮಾದರಿ ಹೋಗುತ್ತದೆ, ‘ಆರ್‌ಡಿ ಪಾಸಿಟಿವ್’ ಎಂಬಷ್ಟೇ ಬರುತ್ತದೆ. ಅದು ಸತ್ತ ಕೋಳಿ ನೋಡಿದಾಗಲೇ ಗೊತ್ತಿತ್ತು. ಮುಂದೆ ಜೀನೋಟೈಪ್ 13ಕ್ಕೋ 7ಕ್ಕೋ ಹತ್ತಿರದ ಲಸಿಕೆ ಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದರೆ ನಮ್ಮ ಜಿಲ್ಲೆಗಳ ಈ ಎರಡು ಸಾಲುಗಳೇ ಆಧಾರ. ಬೇರೆ ರಾಜ್ಯದ ಲೆಕ್ಕ ಸಾಲದು.

ಮಾದರಿ ಕಳಿಸುವವರಿಗೆ ಕೊನೆಯದಾಗಿ. ಸತ್ತ ಕೋಳಿಯ ಮಿದುಳು, ಉಸಿರುನಾಳ, ಶ್ವಾಸಕೋಶ, ಗುಲ್ಮ, ಗ್ರಂಥಿ ಜಠರ ಬೇರೆ ಬೇರೆ ಡಬ್ಬಿಯಲ್ಲಿರಲಿ. ಬದುಕಿರುವ ಐದಾರು ರೋಗಿ ಕೋಳಿಗಳ ಗಂಟಲು ಮತ್ತು ಗುದದ ಹತ್ತಿಕಡ್ಡಿಯೂ ಇರಲಿ. ಐಸ್ ಪ್ಯಾಕ್ ಇಟ್ಟ ಥರ್ಮಸ್‌ನಲ್ಲಿ 24 ಗಂಟೆಯೊಳಗೆ ತಲುಪಿಸಿ. ಚೀಟಿಯಲ್ಲಿ ಊರು, ಹಿಂಡಿನ ವಯಸ್ಸು, ಸತ್ತ ಸಂಖ್ಯೆಯ ಜತೆ ಆರ್‌ಟುಬಿ ಚುಚ್ಚಿದ ತಾರೀಖನ್ನು ಮರೆಯದೆ ಬರೆಯಿರಿ. ಆರ್‌ಟುಬಿಯ ಸೀಳುಜಾಗದಲ್ಲೂ ಮಾರಕ ತಳಿಯದ್ದೇ ಅಕ್ಷರಗಳಿವೆ. ಆ ತಾರೀಖು ಕಾಣದಿದ್ದರೆ, ಹೋದ ವಾರ ನೀವೇ ಚುಚ್ಚಿದ ಲಸಿಕೆಯನ್ನು ಲ್ಯಾಬಿನವರು ‘ಮಾರಕ ವೈರಸ್’ ಎಂದು ಬರೆದು ಕಳಿಸಿಯಾರು.

ಇಂತಿ,
ಕೋಳಿ ರೋಗಗಳ ಕೆಲಸದಲ್ಲಿರುವ ಇಬ್ಬರು ಪಶುವೈದ್ಯರು
ಮಂಡ್ಯ